ಪ್ರದರ್ಶನಕ್ಕೆ ಮೊಬೈಲ್ ಸಾಕಾ, ಕ್ಯಾಮೆರಾ ಒಯ್ಯಬೇಕಾ ಅಂತ ಕೇಳಿದವರಿಗೆ

ಎರಡೂ ಬೇಡ. ಊರಲ್ಲಿ ಸಣ್ಣ ಸ್ಟುಡಿಯೋ ಇದೆ, ಕ್ರಿಯೇಟಿವ್ ಪೋರ್ಟ್ರೇಟ್ ಪ್ರದರ್ಶನಕ್ಕೆ ಹೋಗಿ ಒಂದಷ್ಟು ಐಡಿಯಾ ಎತ್ಕೊಂಡು ಬರಬೇಕು ಅಂತ ಬರೆದಿದ್ದೀರಿ. ಏಳು ವರ್ಷದ ಹಿಂದೆ ನಾನೂ ಥೇಟ್ ಹೀಗೇ ಹೊರಟಿದ್ದೆ.

ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯದ ಗ್ಯಾಲರಿಯಲ್ಲಿ ಭಾವಚಿತ್ರಗಳನ್ನು ಹಾಕಿದ್ದರು. ಬೆಣ್ಣೆ ದೋಸೆ ತಿಂದು, ಸಂಜೆ ಆರತಕ್ಷತೆಯ ಫೋಟೋ ಕೆಲಸ ಇದೆ ಅನ್ನೋ ಅವಸರದಲ್ಲೇ ಒಳಗೆ ಹೋದೆ. 40ರ ಹತ್ತಿರ ಚಿತ್ರ ಇದ್ದವು. 20 ನಿಮಿಷದಲ್ಲಿ ಅಷ್ಟನ್ನೂ ಮೊಬೈಲಲ್ಲಿ ಹೊಡ್ಕೊಂಡೆ. ಅವನ್ನು ತೆಗೆದ ಮನುಷ್ಯ ಬಾಗಿಲ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕ್ಕೊಂಡು ಕೂತಿದ್ದ. ಅವನ ಮುಂದಿದ್ದ ಪುಸ್ತಕದಲ್ಲಿ 'ಸೂಪರ್' ಅಂತ ಬರೆದು, ವಿಸಿಟಿಂಗ್ ಕಾರ್ಡ್ ಜೇಬಿಗೆ ಹಾಕ್ಕೊಂಡು ಬಂದುಬಿಟ್ಟೆ.

ಒಂದು ಚಿತ್ರ ಮಾತ್ರ ತಲೆಯಲ್ಲಿ ಕೂತಿತ್ತು. ಮುದುಕರೊಬ್ಬರ ಮುಖ, ಒಂದು ಪಕ್ಕ ಬೆಳಕು, ಇನ್ನೊಂದು ಪಕ್ಕ ಕತ್ತಲು. ಮೊಬೈಲ್‌ನಲ್ಲಿ ಹಿಗ್ಗಿಸಿ ನೋಡಿದರೆ ಬಲಭಾಗ ಪೂರ್ತಿ ಮಸಿ. ಓಹೋ, ಒಂದು ಲೈಟ್ ಆರಿಸಿದರಾಯ್ತು ಅಂದುಕೊಂಡೆ.

ಮುಂದಿನ ತಿಂಗಳು ಹರಿಹರದ ಒಂದು ಮನೆಯವರು ಅಜ್ಜನಿಗೆ 80 ತುಂಬಿತು ಅಂತ ಕರೆದರು. ಆಲ್ಬಂ, ದೊಡ್ಡ ಫ್ರೇಮು ಸೇರಿ 22,000 ರೂಪಾಯಿಗೆ ಮಾತಾಗಿತ್ತು. ಅಜ್ಜನನ್ನು ಕೂರಿಸಿ, ಒಂದೇ ಲೈಟಲ್ಲಿ ತೆಗೆದು, ದೊಡ್ಡದಾಗಿ ಪ್ರಿಂಟ್ ಹಾಕಿಸಿ ಹೆಮ್ಮೆಯಿಂದ ಒಯ್ದು ಕೊಟ್ಟೆ. ಮಗ ಫ್ರೇಮನ್ನು ಕಿಟಕಿ ಕಡೆ ತಿರುಗಿಸಿ ನೋಡಿದರು. 'ಏನ್ರಿ, ನಮ್ಮಪ್ಪಗೆ ಅರ್ಧ ಮುಖ ಎಲ್ಲಿ ಹೋತು?' ಅಡ್ವಾನ್ಸ್ ವಾಪಸ್ ಕೊಟ್ಟೆ. ಅದು ಹೋಗಲಿ. ಆ ವರ್ಷವೇ ಅಜ್ಜ ತೀರಿಕೊಂಡರು. ಮಾತಾಡಿಸೋಕೆ ಹೋದರೆ, ಗಂಧದ ಹಾರ ಹಾಕಿ ಗೋಡೆಗೆ ತೂಗುಹಾಕಿದ್ದು ಯಾವುದೋ ಪಾಸ್‌ಪೋರ್ಟ್ ಸೈಜಿನ ಫೋಟೋ, ಹಿಗ್ಗಿಸಿ ಮಂಜುಮಂಜಾಗಿತ್ತು.

ಅದಾದ ಮೇಲೆ ಜೇಬಿನ ಕಾರ್ಡ್ ನೆನಪಾಯ್ತು. ಆ ಫೋಟೋಗ್ರಾಫರ್ ಮನೆ ಹುಡುಕಿಕೊಂಡು ಹೋದೆ. ಬೈತಾನೆ ಅಂದ್ಕೊಂಡಿದ್ದೆ, ಚಹಾ ಕೊಟ್ಟ. ಆ ಮುದುಕರ ಪ್ರಿಂಟನ್ನು ಗಾಜಿನಿಂದ ಬಿಚ್ಚಿ ಟೇಬಲ್ ಮೇಲಿಟ್ಟು, 'ಕಪ್ಪು ಎಲ್ಲೈತಿ ತೋರ್ಸು' ಅಂದ. ಕಪ್ಪು ಇರಲೇ ಇಲ್ಲ! ಕತ್ತಲ ಪಕ್ಕದಲ್ಲಿ ಕಿವಿಯ ಕೂದಲು ಎಣಿಸಬಹುದಿತ್ತು, ವಿಭೂತಿ ಗೆರೆ ಎಲ್ಲಿ ಮುಗಿಯುತ್ತೆ ಅಂತ ಕಾಣುತ್ತಿತ್ತು. ಎಡಗಣ್ಣಿನ ಪಾಪೆಯಲ್ಲಿ ಸರಳು ಸಮೇತ ಕಿಟಕಿ. ಬಲಗಣ್ಣಿನ ಅಂಚಿನಲ್ಲಿ ಮಸುಕಾದ ಬಿಳಿ ಗೆರೆ. ಅದೇನು ಅಂದೆ. 'ಅವರ ಮನ್ಯಾಕಿ ಮಡಿ ಪಂಚೆ ಹಿಡ್ಕೊಂಡು ಆ ಕಡೆ ನಿಂತಿದ್ರು.' ಕಿಟಕಿಯ ಬೆಳಕು ಆ ಪಂಚೆಗೆ ಬಡಿದು ಕತ್ತಲ ಕೆನ್ನೆಗೆ ವಾಪಸ್ ಬರುತ್ತಿತ್ತು. ನಮ್ಮ ಸ್ಟುಡಿಯೋದಲ್ಲಿ ಅದೇ ಕೆಲಸಕ್ಕೆ ಥರ್ಮಾಕೋಲ್ ಶೀಟ್ ಮೂಲೆಯಲ್ಲಿ ಧೂಳು ತಿಂತಾ ಬಿದ್ದಿತ್ತು.

ನಾನು ಎಡವಿದ್ದೆಲ್ಲಿ ಅಂತ ಬಿಡಿಸಿ ಹೇಳ್ತೀನಿ. ಗ್ಯಾಲರಿಯ ಗೋಡೆ ಬಿಳಿ, ಫ್ರೇಮಿನೊಳಗೆ ಚಿತ್ರದ ಸುತ್ತ ಇರೋ ರಟ್ಟು, ಅಂದರೆ ಮೌಂಟ್, ಅದೂ ಬಿಳಿ. ಅಷ್ಟು ಬಿಳಿ ಕಂಡರೆ ಮೊಬೈಲ್ ಬೆಳಕು ಜಾಸ್ತಿಯಾಯ್ತು ಅಂತ ಒಟ್ಟು ಚಿತ್ರವನ್ನೇ ಮಂಕು ಮಾಡುತ್ತೆ. ಮೊದಲೇ ತೆಳ್ಳಗಿದ್ದ ನೆರಳಿನ ವಿವರ ಮಸಿಯಾಗುತ್ತೆ. ಸಾಲದ್ದಕ್ಕೆ ಗಾಜಿನ ಮೇಲೆ ಟ್ಯೂಬ್‌ಲೈಟು, ನನ್ನದೇ ಹೊಟ್ಟೆ. ಗೋಡೆ ಮೇಲಿದ್ದದ್ದೇ ಬೇರೆ, ನಾನು ತಂದದ್ದೇ ಬೇರೆ. ನಾನು ನಕಲು ಮಾಡಿದ್ದು ಅವನ ಚಿತ್ರವನ್ನಲ್ಲ, ನನ್ನ ಮೊಬೈಲಿನ ತಪ್ಪನ್ನು. ಅಸಲು ಎರಡು ಅಡಿ ದೂರದಲ್ಲೇ ಇತ್ತು, ನಾನು ಸ್ಕ್ರೀನ್ ನೋಡ್ತಿದ್ದೆ. ಎರಡು ನಿಮಿಷ ಸುಮ್ಮನೆ ನಿಂತಿದ್ದರೆ ಆ ಬಿಳಿ ಗೆರೆ ಕಾಣುತ್ತಿತ್ತು.

ಇನ್ನು ನಿಮ್ಮ 'ಐಡಿಯಾ' ವಿಷಯ. ಅದು ಎತ್ಕೊಂಡು ಬರೋ ಸಾಮಾನಲ್ಲ. ಫಿಲಿಪ್ ಹಾಲ್ಸ್‌ಮನ್ ಅನ್ನೋ ಫೋಟೋಗ್ರಾಫರ್ 1948ರಲ್ಲಿ ಡಾಲಿ ಎಂಬ ಚಿತ್ರಕಾರನನ್ನು ಗಾಳಿಯಲ್ಲಿ ಜಿಗಿಸಿ, ಪಕ್ಕದಲ್ಲಿ ಬೆಕ್ಕುಗಳನ್ನೂ ನೀರನ್ನೂ ಎರಚಿಸಿ ತೆಗೆದ ಚಿತ್ರ ನೆಟ್‌ನಲ್ಲಿ ನೋಡಿರ್ತೀರಿ. ಬೆಕ್ಕು ಎಸೆಯೋ ಐಡಿಯಾ ಯಾರಿಗೂ ಬರಬಹುದು. ಅವನು ಅದನ್ನು 28 ಸಲ ಮಾಡಿದ. ಪಾಪ, ಬೆಕ್ಕುಗಳು.

ಹೋದಾಗ ಮೊದಲು ಕಣ್ಣಿನ ಪಾಪೆ ನೋಡಿ. ಚೌಕ ಹೊಳೆದರೆ ಕಿಟಕಿ ಇಲ್ಲವೇ ಸಾಫ್ಟ್‌ಬಾಕ್ಸ್ (ಲೈಟಿನ ಮುಂದೆ ಹಾಕೋ ಬಿಳಿ ಬಟ್ಟೆಯ ಪೆಟ್ಟಿಗೆ), ದುಂಡಗಿದ್ದರೆ ಹೆಚ್ಚಾಗಿ ಲೈಟಿಗೆ ಹಾಕೋ ಛತ್ರಿ, ಬಳೆಯಂತಿದ್ದರೆ ರಿಂಗ್ ಲೈಟ್. ಆಮೇಲೆ ಮೂಗಿನ ನೆರಳು ಯಾವ ಕಡೆ, ಎಷ್ಟು ಕೆಳಕ್ಕೆ ಬಿದ್ದಿದೆ ನೋಡಿದರೆ ಲೈಟ್ ಯಾವ ಪಕ್ಕ, ಎಷ್ಟು ಎತ್ತರದಲ್ಲಿತ್ತು ಅಂತ ಗೊತ್ತಾಗುತ್ತೆ. ಎಲ್ಲಾ ಚಿತ್ರ ನೋಡಲೇಬೇಕು ಅಂತೇನಿಲ್ಲ, ನಾಲ್ಕೈದು ಸಾಕು. ಬರೆದುಕೊಳ್ಳೋಕೆ ಚೀಟಿ, ಪೆನ್ನು ಇರಲಿ. ಮದುವೆ ಕೆಲಸ ಇಲ್ಲದ ದಿನ ಹೋಗಿ, ಮೊಬೈಲನ್ನು ಗಾಡಿ ಡಿಕ್ಕಿಯಲ್ಲೇ ಬಿಡಿ. ಬಾಗಿಲ ಹತ್ತಿರ ಯಾರಾದರೂ ಕುರ್ಚಿ ಹಾಕ್ಕೊಂಡು ಕೂತಿದ್ದರೆ ಪುಸ್ತಕಕ್ಕೆ ಸಹಿ ಆಮೇಲೆ ಹಾಕಿ, ಮೊದಲು ಒಂದು ಚಿತ್ರದ ಮುಂದೆ ಕರ್ಕೊಂಡು ಹೋಗಿ 'ಇದನ್ನ ಹ್ಯಾಗೆ ತೆಗೆದ್ರಿ ಅಣ್ಣಾ?' ಅಂತ ಕೇಳಿ.