ಕಾದಂಬರಿ ಫೈಲ್ ಪ್ರಕಾಶಕರಿಗೆ ಕಳ್ಸೋ ಮುಂಚೆ: ಆಲೂರಿನ ಅಕ್ಕನಿಗೆ ಉತ್ತರ

ಅಕ್ಕ, ಗುಂಪಲ್ಲಿ ನೀವು ಹಾಕಿದ ಪ್ರಶ್ನೆ ರಾತ್ರೀನೇ ನೋಡ್ದೆ, ಅಂಗಡಿ ಬಾಗ್ಲು ಹಾಕೋ ಹೊತ್ತು, ಅದಕ್ಕೇ ಈಗ ಕೂತು ಬರೀತಿದೀನಿ. ಎರಡು ವರ್ಷ ವಾಟ್ಸಾಪಲ್ಲಿ ನಿಮಗೆ ನೀವೇ ಮೆಸೇಜ್ ಹಾಕ್ಕೊಂಡು ಕಾದಂಬರಿ ಮುಗಿಸಿದೀರ, ಪ್ರಕಾಶಕರು ಟೈಪ್ ಮಾಡಿದ ಹಸ್ತಪ್ರತಿ ಕೇಳಿದಾರೆ, ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಲ್ಲಿ ಮಾಡಿಸ್ಲಾ, ಬಾರ್ಡರ್ ಹಾಕ್ಸಿ ಪುಸ್ತಕದ ಥರಾನೇ ಸೆಟ್ ಮಾಡಿಸ್ಲಾ ಅಂತ ಕೇಳಿದೀರ. ಬಾರ್ಡರ್ ಬೇಡ. ಹಾಸನದಲ್ಲಿ ಹದಿನೈದು ವರ್ಷದಿಂದ ಡಿಟಿಪಿ ಮಾಡ್ಕೊಂಡಿರೋನು ನಾನು, ದುಡ್ಡು ಬರೋ ಕೆಲಸಾನ ಬೇಡ ಅಂತಿದೀನಿ, ನಂಬಿ. ಒಪ್ಪಿಗೆ ಆದ್ಮೇಲೆ ಡೆಮಿ 1/8, ಅಂದ್ರೆ ಮಾಮೂಲಿ ಪುಸ್ತಕದ ಸೈಜಿಗೆ ಅವರ ಕಡೆಯೋರೇ ಪುಟ ಕಟ್ತಾರೆ, ನೀವು ಹಾಕಿದ ಹೂವು ಬಳ್ಳಿ ಬಣ್ಣ ಎಲ್ಲಾ ಕಿತ್ತು ಹಾಕೋದೇ ಅವರಿಗೆ ಮೊದಲ ಕೆಲಸ ಆಗುತ್ತೆ.

ಮೊಬೈಲಲ್ಲಿ ಹೊಡೆದಿರೋದು ಆಗ್ಲೇ ಯೂನಿಕೋಡಲ್ಲಿದೆ, ಅಂದ್ರೆ ಬೇರೆ ಕಂಪ್ಯೂಟರಲ್ಲಿ ತೆಗೆದ್ರೂ ಕನ್ನಡವಾಗೇ ಕಾಣೋ ಅಕ್ಷರದಲ್ಲಿ, ಹಂಗೇ ಇರ್ಲಿ. ಹಳೇ ನುಡಿ ಫಾಂಟು ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಕನ್ನಡ ಕೂರ್ಸೋದು. ಅದರಲ್ಲಿ ಒಬ್ರು ಮೇಷ್ಟ್ರ ಕಾದಂಬರಿ ಟೈಪ್ ಮಾಡಿ ಕಳ್ಸಿದ್ದೆ, ಆ ಕಡೆ ಕಂಪ್ಯೂಟರಲ್ಲಿ ಆ ಫಾಂಟ್ ಇರ್ಲಿಲ್ಲ, ತೆಗೆದು ನೋಡಿದ್ರೆ ಪುಟದ ತುಂಬಾ ಇಂಗ್ಲಿಷ್ ಅಕ್ಷರಕ್ಕೆ ಟೋಪಿ ಹಾಕಿದ ಹಾಗೆ. ಸರಿ ಅಂತ ಯೂನಿಕೋಡಿಗೆ ತಿರುಗಿಸಿದ್ರೆ, ಇಂಗ್ಲಿಷ್ ಅಕ್ಷರದಲ್ಲಿದ್ದ ಎಂಎಲ್‌ಎ ಎಲ್ಲಾ ಕಡೆ 'ಒಐಂ' ಆಗಿ ಕೂತಿತ್ತು! ಎಲೆಕ್ಷನ್ ಕಥೆ ಬೇರೆ, ಹುಡುಕಿ ಹುಡುಕಿ ತಿದ್ದೋಷ್ಟರಲ್ಲಿ ಸಾಕಾಯ್ತು. ಕೆಲವು ಪ್ರಕಾಶಕರ ಹತ್ರ ಇನ್ನೂ ಪುಟ ಕಟ್ಟೋ ಹಳೇ ಸಾಫ್ಟ್‌ವೇರ್ ಪೇಜ್‌ಮೇಕರ್ ಇದೆ, ಅದಕ್ಕೆ ಕನ್ನಡ ಯೂನಿಕೋಡ್ ಹಿಡಿಸಲ್ಲ, ಅಂಥೋರು ನುಡೀನೇ ಕೇಳ್ತಾರೆ. ಕೇಳಿದ್ರೆ ಕೊನೇಲಿ ಒಂದು ಕಾಪಿ ತಿರುಗಿಸಿ ಕೊಡಿ, ಅಸಲು ಮುಟ್ಬೇಡಿ.

ವಾಟ್ಸಾಪಿಂದ ಹತ್ತು ಮೆಸೇಜ್ ಒಟ್ಟಿಗೆ ಕಾಪಿ ಮಾಡಿದ್ರೆ ಪ್ರತಿ ಮೆಸೇಜ್ ತಲೆ ಮೇಲೆ ತಾರೀಖು, ಟೈಮು, ನಿಮ್ಮ ಹೆಸ್ರು ಬರುತ್ತೆ, ಅದನ್ನೆಲ್ಲಾ ಮೊದ್ಲು ಅಳಿಸಿ.

ಮೊದಲ ಮೂರು ಅಧ್ಯಾಯ ಬೇರೆಯೋರ ಕೈಲಿ ಟೈಪ್ ಮಾಡಿಸಿದ್ದು ಅಂದ್ರಲ್ಲ, ನಂಗೆ ಭಯ ಇರೋದು ಅಲ್ಲೇ. ಕೆಲವರು ಅನುಸ್ವಾರದ ಬದ್ಲು ಅಂಕಿ ಸೊನ್ನೆ ಹೊಡೀತಾರೆ, ಅರ್ಕಾವೊತ್ತಿನ ಬದ್ಲು ಅಂಕಿ ಒಂಬತ್ತು. 'ಹಂಡೆ'ಗೂ 'ಹ೦ಡೆ'ಗೂ ಕಣ್ಣಿಗೆ ವ್ಯತ್ಯಾಸಾನೇ ಗೊತ್ತಾಗಲ್ಲ, 'ಧಮ೯' ಅಂತ ಇದ್ರೂ ಓದ್ಕೊಂಡು ಹೋಗ್ತೀವಿ, ಆದ್ರೆ ಕಂಪ್ಯೂಟರಿಗೆ ಅದು ಬೇರೆ ಪದ, 'ಧರ್ಮ' ಅಂತ ಹುಡುಕಿದ್ರೆ ಸಿಗೋದೇ ಇಲ್ಲ, ಫಾಂಟ್ ಬದಲಾಯಿಸಿದಾಗ ಸೊನ್ನೆ ಬೇರೆ ಸೈಜಲ್ಲಿ ಎದ್ದು ಕಾಣುತ್ತೆ. ವರ್ಡಲ್ಲಿ ಫೈಂಡ್‌ಗೆ ೦ ಮತ್ತೆ ೯ ಅಂಕಿ ಕೊಟ್ಟು ಒಂದೊಂದೇ ನೋಡಿ ಬದಲಾಯಿಸಿ, ಎಲ್ಲಾ ಒಟ್ಟಿಗೆ ರೀಪ್ಲೇಸ್ ಕೊಟ್ರೆ ನಿಮ್ಮ ಇಸವಿಗಳೂ ಕೆಡ್ತವೆ.

ಇನ್ನು ಪುಟ. ಎ4, ನಾಲ್ಕೂ ಕಡೆ ಒಂದಿಂಚು ಜಾಗ, ಅಕ್ಷರ 14 ಪಾಯಿಂಟ್, ಸಾಲಿನ ಅಂತರ ಒಂದೂವರೆ, ನೋಟೋ ಸೆರಿಫ್ ಕನ್ನಡ ಥರದ್ದು ಒಂದೇ ಫಾಂಟ್ ಕೊನೇವರೆಗೂ. ಪುಟ ಸಂಖ್ಯೆ ಖಂಡಿತಾ ಬೇಕು. ಹೊಸ ಅಧ್ಯಾಯ ಹೊಸ ಪುಟಕ್ಕೆ ಹೋಗ್ಬೇಕು ಅಂತ ಎಂಟರ್ ಇಪ್ಪತ್ತು ಸಲ ಒತ್ಬೇಡಿ ಅಕ್ಕ, ಕಂಟ್ರೋಲ್ ಹಿಡ್ಕೊಂಡು ಒಂದೇ ಸಲ ಎಂಟರ್ ಒತ್ತಿ. ಕಾಮಾ, ಫುಲ್‌ಸ್ಟಾಪಿಗೆ ಮುಂಚೆ ಜಾಗ ಬಿಡೋ ಅಭ್ಯಾಸ ಇದ್ರೆ ತೆಗೀರಿ, ಇಲ್ಲಾಂದ್ರೆ ಸಾಲಿನ ಶುರುವಲ್ಲೇ ಒಂದು ಕಾಮಾ ಒಂಟಿಯಾಗಿ ನಿಂತಿರುತ್ತೆ. ಮೊದಲ ಪುಟದಲ್ಲಿ ಹೆಸ್ರು, ವಿಳಾಸ, ಫೋನು, ಒಟ್ಟು ಎಷ್ಟು ಪದ ಅನ್ನೋದು, ಯಾಕಂದ್ರೆ ಎ4 ಪುಟದ ಲೆಕ್ಕ ಡೆಮಿಗೆ ಬಂದಾಗ ಬದಲಾಗುತ್ತೆ.

ಇನ್ನೊಂದು, ಇದು ಫಾರ್ಮ್ಯಾಟ್ ಅಲ್ಲ ಆದ್ರೂ ಹೇಳ್ತೀನಿ. ನಿಮ್ಮ ಪಾತ್ರಗಳು ನಮ್ ಕಡೆ ಮಾತೇ ಆಡೋದು, 'ಬತ್ತೀನಿ', 'ಹೋಯ್ತದೆ' ಅಂತೆಲ್ಲಾ. ಕರಡು ತಿದ್ದೋರು ಅದನ್ನೆಲ್ಲಾ 'ಬರುತ್ತೇನೆ' ಮಾಡಿಬಿಟ್ರೆ ನಿಮ್ಮ ಅಜ್ಜಿ ಪಾತ್ರ ಪಾಠ ಓದಿದ ಹಾಗೆ ಮಾತಾಡ್ತಾಳೆ. ಸಂಭಾಷಣೇಲಿ ಆಡುಮಾತು ಬೇಕಂತಲೇ ಇಟ್ಟಿದೀನಿ ಅಂತ ಜೊತೆಗೆ ಎರಡು ಸಾಲು ಬರೆದಿಡಿ. ಆದ್ರೆ ಒಂದು ಕಡೆ ಚೆನ್ನಮ್ಮ, ಇನ್ನೊಂದು ಕಡೆ ಚನ್ನಮ್ಮ ಅಂತ ಇದ್ರೆ ಅದು ಆಡುಮಾತಲ್ಲ, ತಪ್ಪು.

ಕಳ್ಸುವಾಗ ವರ್ಡ್ ಫೈಲ್ ಜೊತೆ ಪಿಡಿಎಫೂ ಇರ್ಲಿ, ಕಥಾಸಾರ ಒಂದು ಪುಟ ಸಾಕು. ಆ ಮೂರು ಅಧ್ಯಾಯ ಬೇಕಾದ್ರೆ ನಂಗೆ ಪರ್ಸನಲ್ಲಾಗಿ ಕಳ್ಸಿ, ಗುಂಪಲ್ಲಿ ಹಾಕ್ಬೇಡಿ, ಭಾನುವಾರ ಅಂಗಡಿ ರಜಾ, ಸೊನ್ನೆ ಒಂಬತ್ತು ಹೆಕ್ಕಿ ಕೊಡ್ತೀನಿ.