ಸಂಬಳದ ಬಾಕಿಗಾಗಿ ಯುರೋಪಿನ ಯಾವ ದೇಶಕ್ಕೆ ಬರೆಯಬೇಕು?

ಕತಾರ್‌ನಲ್ಲಿ ನಾಲ್ಕು ತಿಂಗಳಿಂದ ಸಂಬಳ ಸಿಗದ ನಿಮ್ಮ ತಮ್ಮನ ಪರವಾಗಿ, ಮಾನವ ಹಕ್ಕುಗಳ ಬಗ್ಗೆ ದನಿಯೆತ್ತುವ ಯಾವ ದೇಶಕ್ಕೆ ಪತ್ರ ಬರೆದರೆ ಫಲ ಸಿಕ್ಕೀತು ಎಂದು ಕೇಳಿದ್ದೀರಿ. ಇದೇ ಪ್ರಶ್ನೆಯ ಬೆನ್ನು ಹತ್ತಿ ನಾನು 2018ನೆಯ ಇಸವಿಯನ್ನು ಪೂರ್ತಿ ಕಳೆದುಕೊಂಡೆ.

ದೋಹಾದಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ ನನಗೆ ಕಂಪನಿಯಿಂದ ಐದು ತಿಂಗಳ ಸಂಬಳ ಬರಬೇಕಿತ್ತು. ದೇಶ ಬಿಡಲು ಮಾಲೀಕರೇ ಎಕ್ಸಿಟ್ ಪರ್ಮಿಟ್ ಕೊಡಬೇಕಾಗಿದ್ದ ಕಾಲವದು. ಜನವರಿಯಲ್ಲಿ ಒಪ್ಪಂದ ಮುಗಿದು, ಫೆಬ್ರವರಿಯಲ್ಲಿ ಪರ್ಮಿಟ್ ಕೈಗೆ ಬಂದಾಗ, "ಹಣ ಊರಿಗೇ ಕಳಿಸುತ್ತೇವೆ" ಎಂಬ ಮಾತನ್ನು ನಂಬಿ ಕುಂದಾಪುರಕ್ಕೆ ಬಂದುಬಿಟ್ಟೆ. ಹಣ ಬರಲಿಲ್ಲ.

ತಪ್ಪು ಮಾಡಿದ್ದು ಆಮೇಲೆ. ಜಿನೀವಾದಲ್ಲಿ ನಡೆದ ವಿಶ್ವಸಂಸ್ಥೆಯ ಪರಿಶೀಲನೆಯಲ್ಲಿ ಕತಾರ್‌ನ ಕಫಾಲಾ ಪದ್ಧತಿಯನ್ನು (ವಿದೇಶಿ ಕಾರ್ಮಿಕನ ವಾಸ, ಕೆಲಸ ಎರಡನ್ನೂ ಮಾಲೀಕನ ಕೈಗೆ ಒಪ್ಪಿಸುವ ವ್ಯವಸ್ಥೆ) ಪ್ರಶ್ನಿಸಿದ ದೇಶಗಳ ಹೆಸರು ಹುಡುಕಿ, ಮೂರು ರಾಯಭಾರ ಕಚೇರಿಗಳಿಗೆ ಹನ್ನೊಂದು ಪತ್ರ ಬರೆದೆ. ಬಂದದ್ದು ಒಂದೇ ಉತ್ತರ: ಬೇರೆ ದೇಶದ ಪ್ರಜೆಯ ವೈಯಕ್ತಿಕ ಪ್ರಕರಣದಲ್ಲಿ ತಾವು ಪ್ರವೇಶಿಸುವಂತಿಲ್ಲ ಎಂಬ ಎರಡು ಸಾಲು. ಆದರೂ ಕಾದೆ. ಆ ಸರ್ಕಾರಗಳು ಮಾತನಾಡುವುದು ಕಾನೂನಿನ ಬಗ್ಗೆ, ನನ್ನ ಸಂಬಳದ ಚೀಟಿಯ ಬಗ್ಗೆ ಅಲ್ಲ ಎಂಬುದು ಆಗ ನನಗೆ ಹೊಳೆಯಲಿಲ್ಲ. ನನ್ನ ಪರವಾಗಿ ವಿಚಾರಿಸುವ ಅಧಿಕಾರ ಇದ್ದದ್ದು ನಮ್ಮ ಭಾರತದ ರಾಯಭಾರ ಕಚೇರಿಗೆ; ದೂರು ಪಡೆದು ತೀರ್ಮಾನಿಸುವ ಅಧಿಕಾರ ಇದ್ದದ್ದು ಅಲ್ಲಿನ ಕಾರ್ಮಿಕ ಇಲಾಖೆ ಮತ್ತು ನ್ಯಾಯಾಲಯಗಳಿಗೆ. ಅಲ್ಲಿನ ಕಾನೂನಿನಂತೆ ಒಪ್ಪಂದ ಮುಗಿದ ಒಂದು ವರ್ಷದೊಳಗೆ ದಾವೆ ಹೂಡಬೇಕು. ನಾನು ಹನ್ನೊಂದನೆಯ ಪತ್ರ ಬರೆಯುವ ಹೊತ್ತಿಗೆ ಆ ವರ್ಷ ಮುಗಿದಿತ್ತು.

ಹಾಗೆಂದು ರಾಜತಾಂತ್ರಿಕ ಒತ್ತಡ ವ್ಯರ್ಥ ಎಂದು ನಾನು ಹೇಳುವುದಿಲ್ಲ. 2014ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯಲ್ಲಿ ಕಾರ್ಮಿಕ ಪ್ರತಿನಿಧಿಗಳು ಕತಾರ್ ವಿರುದ್ಧ ಕೊಟ್ಟ ದೂರು, ಸರ್ಕಾರಗಳೂ ಕೂತಿರುವ ಅದರ ಆಡಳಿತ ಮಂಡಳಿಯ ಮುಂದೆ ಮೂರು ವರ್ಷ ನಿಂತಿತ್ತು. ಸುಧಾರಣೆಗೆ ಕತಾರ್ ಒಪ್ಪಿದ ಮೇಲೆಯೇ, 2017ರ ನವೆಂಬರಿನಲ್ಲಿ, ಅದನ್ನು ಮುಕ್ತಾಯಗೊಳಿಸಿದರು. ನಾನು ಊರಿಗೆ ಬಂದ ಮರುತಿಂಗಳೇ ಕಾರ್ಮಿಕ ವಿವಾದ ಸಮಿತಿಗಳು ಕೆಲಸ ಆರಂಭಿಸಿದವು. ಅಕ್ಟೋಬರಿನಲ್ಲಿ ಹೆಚ್ಚಿನ ಕಾರ್ಮಿಕರಿಗೆ ಎಕ್ಸಿಟ್ ಪರ್ಮಿಟ್ ರದ್ದಾಯಿತು. 2021ರಲ್ಲಿ 1,000 ರಿಯಾಲ್ ಕನಿಷ್ಠ ವೇತನವೂ ಜಾರಿಗೆ ಬಂತು. ಇವೆಲ್ಲ ದೊಡ್ಡ ಬದಲಾವಣೆಗಳೆಂದೇ ನಾನು ನಂಬುತ್ತೇನೆ. ಆದರೆ ಇವು ತೆರೆದ ಬಾಗಿಲಿನ ಒಳಗೆ ಹೋಗಿ ದೂರು ಕೊಡಬೇಕಾದವನು ಕಾರ್ಮಿಕನೇ.

ಆದ್ದರಿಂದ ಯಾವ ದೇಶಕ್ಕೆ ಬರೆಯಬೇಕು ಎಂಬ ನಿಮ್ಮ ಪ್ರಶ್ನೆಯೇ ಸರಿಯಲ್ಲ. ತಮ್ಮ ಈ ವಾರವೇ ಕತಾರ್ ಐಡಿ, ಒಪ್ಪಂದದ ಪ್ರತಿ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್ ಹಿಡಿದು ಕಾರ್ಮಿಕ ಇಲಾಖೆಯಲ್ಲಿ ದೂರು ದಾಖಲಿಸಲಿ. ನೀವು ಇಲ್ಲಿಂದಲೇ ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲಿನಲ್ಲಿ (ವಿದೇಶದಲ್ಲಿರುವ ಭಾರತೀಯರ ದೂರುಗಳ ಜಾಲತಾಣ) ಬರೆಯಿರಿ. ಕಂಪನಿ ಟಿಕೆಟ್ ತೆಗೆದುಕೊಟ್ಟರೂ, ದೂರು ದಾಖಲಾಗುವವರೆಗೆ ಅವನು ವಿಮಾನ ಹತ್ತಬಾರದು. ಅವನ ಒಪ್ಪಂದ ಯಾವ ತಾರೀಖಿಗೆ ಮುಗಿಯುತ್ತದೆ ಎಂಬುದನ್ನು ಇವತ್ತೇ ಕೇಳಿ ಬರೆದಿಟ್ಟುಕೊಳ್ಳಿ.