ಯಾವ ಅಕ್ಕಿ, ಸ್ವಾಮಿ?

“ಗೃಹಲಕ್ಷ್ಮಿಯ 2000 ರೂಪಾಯಿ ಬಂದ ದಾರಿಯಲ್ಲೇ ಹೋಗುತ್ತದೆ. ಅದರ ಬದಲು ಅಕ್ಕಿ ಕೊಟ್ಟರೆ ಹೊಟ್ಟೆಗಾದರೂ ಹೋದೀತು” ಎಂದು ಕಾಪುವಿನ ಓದುಗರೊಬ್ಬರು ಬರೆದಿದ್ದಾರೆ. ನಿವೃತ್ತ ಬ್ಯಾಂಕ್ ಅಧಿಕಾರಿ. ಅಕ್ಷರ ಮುದ್ದಾಗಿದೆ.

ಹಣ ಕುಡುಕ ಗಂಡನ ಕಿಸೆ ಸೇರುವ ಮನೆಗಳಿವೆ, ನಿಜ. ಬೆಲೆ ಏರಿದರೆ 2000ದ ತೂಕ ಇಳಿಯುತ್ತದೆ, ಅಕ್ಕಿಯದ್ದು ಇಳಿಯುವುದಿಲ್ಲ. ಒಪ್ಪಿದೆ.

ಆದರೆ ಯಾವ ಅಕ್ಕಿ, ಸ್ವಾಮಿ? ಮಧ್ಯಾಹ್ನ ನಿಮ್ಮ ಬಟ್ಟಲಿಗೆ ಬೀಳುವುದು ಕುಚ್ಚಲಕ್ಕಿ ಅನ್ನ ಅಲ್ವಾ? ರೇಷನ್ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು ಬೆಳ್ತಿಗೆ, ಅಂದರೆ ಬಿಳಿ ಅಕ್ಕಿ. ಅದು ದೋಸೆಗೆ, ಉಳಿದರೆ ಕೋಳಿಗೆ, ಇನ್ನೂ ಉಳಿದರೆ ಕದ್ದುಮುಚ್ಚಿ ಮಾರಾಟಕ್ಕೆ. 2023ರ ಜುಲೈಯಿಂದ ಅನ್ನಭಾಗ್ಯದ ಹೆಚ್ಚುವರಿ 5 ಕೆಜಿಯ ಬದಲು, ಕೆಜಿಗೆ 34ರಂತೆ ತಲೆಗೆ 170 ರೂಪಾಯಿ ಖಾತೆಗೆ ಬೀಳುತ್ತಿತ್ತಲ್ಲ? ಅಷ್ಟಕ್ಕೆ 5 ಕೆಜಿ ಕುಚ್ಚಲಕ್ಕಿ ಸಿಗದಿದ್ದರೂ, ಸಿಕ್ಕಷ್ಟು ನೇರ ಬಟ್ಟಲಿಗೇ ಬೀಳುತ್ತಿತ್ತು. 2025ರಲ್ಲಿ ಮತ್ತೆ ಅಕ್ಕಿ ಬಂತು. ಕೋಳಿಗಳಿಗೆ ಖುಷಿ.

ಇನ್ನು ಹಾಳು ಮಾಡುವ ಮಾತು. ವಿಶ್ವಬ್ಯಾಂಕಿನ ಡೇವಿಡ್ ಇವಾನ್ಸ್ ಮತ್ತು ಅನ್ನಾ ಪೊಪೊವಾ 2014ರಲ್ಲಿ ಬೇರೆ ಬೇರೆ ದೇಶಗಳ 19 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ನಗದು ಸಿಕ್ಕಿದ ಬಡವರ ಕುಡಿತ, ಹೊಗೆಸೊಪ್ಪಿನ ಖರ್ಚು ಬಹುತೇಕ ಎಲ್ಲಿಯೂ ಹೆಚ್ಚಿರಲಿಲ್ಲ. (ಬೀಡಿ ಕಟ್ಟಿ ಬದುಕುವ ನಮ್ಮ ಜಿಲ್ಲೆಗೆ ಇದು ಸಿಹಿಸುದ್ದಿಯೋ ಅಲ್ಲವೋ!)

ನಮ್ಮ ಮನೆಗೆ ಬೂತಾಯಿ, ಬಂಗುಡೆ ತರುವ ಮೀನು ಮಾರುವ ಅಕ್ಕನ ಲೆಕ್ಕ ಕೇಳಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಬುಟ್ಟಿ ಹಗುರ. ಮಕ್ಕಳ ಶಾಲೆ ಶುರುವಾಗುವುದೂ ಸರಿಯಾಗಿ ಆಗಲೇ. ಪ್ರತಿ ಮಳೆಗಾಲ ಅವರ ಎರಡು ಬಳೆ ಅಡವಿಗೆ ಹೋಗುತ್ತಿದ್ದವು, ದೀಪಾವಳಿ ಹೊತ್ತಿಗೆ ಬಡ್ಡಿ ಕಟ್ಟಿಸಿಕೊಂಡು ವಾಪಸಾಗುತ್ತಿದ್ದವು. ಕಳೆದ ಮಳೆಗಾಲ ಬಳೆ ಕೈಯಲ್ಲೇ ಇತ್ತು. “ಲಕ್ಷ್ಮಿ ದುಡ್ಡು ಮುಟ್ಟದೆ ಇಟ್ಟಿದ್ದೆ, ಫೀಸಿಗೆ ಆಯ್ತು” ಎಂದರು. ಉಳಿದ ಬಡ್ಡಿಯೂ ಆದಾಯವೇ ಎಂದು ಬ್ಯಾಂಕಿನವರಿಗೆ ನಾನು ಹೇಳಬೇಕೇ?

ಬಡವರ ಚೀಲ ಮಾತ್ರ ಎಲ್ಲರಿಗೂ ತಡಕಿ ನೋಡಬೇಕು. 2019ರಲ್ಲಿ ಕಂಪೆನಿಗಳ ತೆರಿಗೆ ಶೇಕಡಾ 30ರಿಂದ 22ಕ್ಕೆ ಇಳಿಯಿತು. ಉಳಿದ ದುಡ್ಡಲ್ಲಿ ಯಾರು ಏನು ಕುಡಿದರು ಎಂದು ಕೇಳಿದ ಒಂದು ಕಾಗದವೂ ಈ ಕಚೇರಿಗೆ ಬರಲಿಲ್ಲ ಮಾರಾಯ್ರೆ. ಗೃಹಲಕ್ಷ್ಮಿ ಕಂತು ತಡವಾದಾಗಲೂ ಬರಲಿಲ್ಲ. ಜೂನಿನ ಫೀಸನ್ನು ಆಗಸ್ಟಿನ ದುಡ್ಡಲ್ಲಿ ಹೇಗೆ ಕಟ್ಟುವುದು? ಅದರ ಬಗ್ಗೆ ನಾಲ್ಕು ಸಾಲು ಖಾರವಾಗಿ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಮೊದಲ ಪತ್ರ ನಿಮ್ಮದೇ.